ಆಲ್ಫ್ರೆಡ್ ಕೊರ್ತೊ: 40 ಸಿ.ಡಿ.ಗಳ ಪೆಟ್ಟಿಗೆಯಲ್ಲಿ ಪಿಯಾನೊ ವಾದಕನೂ ವೃಂದನಿರ್ದೇಶಕನೂ

ಫ್ರಾನ್ಸಿನ ಪಿಯಾನೊ ವಾದಕ ಆಲ್ಫ್ರೆಡ್ ಕೊರ್ತೊ ತೀರಿಕೊಂಡು ಐವತ್ತು ವರ್ಷ ತುಂಬಿದ 2012ರಲ್ಲಿ ಇಎಂಐ ಕ್ಲಾಸಿಕ್ಸ್ ಸಂಸ್ಥೆಯು ಅವರ ಧ್ವನಿಮುದ್ರಣಗಳನ್ನು 40 ಸಿ.ಡಿ.ಗಳ ಒಂದೇ ಪೆಟ್ಟಿಗೆಯಲ್ಲಿ ಹೊರತಂದಿತು. 1919ರಿಂದ 1959ರವರೆಗಿನ ನಾಲ್ಕು ದಶಕಗಳ ಸಂಗೀತ ಇದರಲ್ಲಿದೆ. ಕೊರ್ತೊ ಎಂದೊಡನೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕೇಳುಗರಿಗೆ ಎರಡು ಸಂಗತಿ ನೆನಪಾಗುತ್ತವೆ: ಪೋಲೆಂಡಿನ ರಚನಕಾರ ಶೋಪಾನನ ಕೃತಿಗಳನ್ನು ಅವರಷ್ಟು ಆಪ್ತವಾಗಿ ನುಡಿಸಿದವರು ವಿರಳ ಎಂಬುದು ಒಂದು, ಅವರು ತಪ್ಪು ಸ್ವರಗಳನ್ನು ನುಡಿಸುತ್ತಿದ್ದರು ಎಂಬುದು ಇನ್ನೊಂದು. ಎರಡೂ ನಿಜವೇ. ಆದರೆ ಈ ಪೆಟ್ಟಿಗೆಯನ್ನು ಆದಿಯಿಂದ ಅಂತ್ಯದವರೆಗೆ ಕೇಳಿದ ಮೇಲೆ ನನಗೆ ಮನದಟ್ಟಾದದ್ದು ಮೂರನೆಯದೇ ಸಂಗತಿ. ಕೊರ್ತೊ ಮೊದಲು ವಾದ್ಯವೃಂದದ ನಿರ್ದೇಶಕರಾಗಿ ಹೆಸರು ಮಾಡಿದವರು. ಪಿಯಾನೊದ ಮುಂದೆ ಕುಳಿತಾಗಲೂ ಅವರು ಆ ನಿರ್ದೇಶಕನ ಕಿವಿಯನ್ನು ಬಿಟ್ಟುಕೊಡಲಿಲ್ಲ. ಅವರ ಗುಣ ಮತ್ತು ದೋಷ ಎರಡರ ಮೂಲವೂ ಅಲ್ಲಿಯೇ ಇದೆ. ಬಿಡಿಬಿಡಿಯಾಗಿ ಸಿಗುವ ‘ಅತ್ಯುತ್ತಮ ಆಯ್ಕೆ’ಗಳಲ್ಲಿ ಕಾಣದ ಈ ಸಂಬಂಧವನ್ನು ಇಡೀ ಸಂಗ್ರಹ ಕಾಣಿಸುತ್ತದೆ. ಇಷ್ಟು ದೊಡ್ಡ ಪೆಟ್ಟಿಗೆಯನ್ನು ಕೊಳ್ಳಬೇಕೆ ಎಂಬ ಪ್ರಶ್ನೆಗೆ ನನ್ನ ಮುಖ್ಯ ಉತ್ತರವೂ ಅದೇ.

ಕೊಳ್ಳುವ ಮುನ್ನ ತಿಳಿದಿರಬೇಕಾದ ಮಾತೊಂದಿದೆ. ಇದು ಒಂದು ಕೃತಿಗೆ ಒಂದೇ ಧ್ವನಿಮುದ್ರಣವನ್ನು ಕೊಡುವ ಸಂಗ್ರಹವಲ್ಲ. ಕೊರ್ತೊ ತಮಗೆ ಪ್ರಿಯವಾದ ಕೃತಿಗಳಿಗೆ ಮತ್ತೆ ಮತ್ತೆ ಮರಳಿದವರು. ಶೋಪಾನನ ಪ್ರೆಲ್ಯೂಡ್‌ಗಳು, ಎತ್ಯೂಡ್‌ಗಳು (ಬೆರಳಿನ ಅಭ್ಯಾಸಕ್ಕಾಗಿ ಬರೆದ ರಚನೆಗಳು), ವಾಲ್ಟ್ಸ್‌ಗಳು, ಬಿ ಫ್ಲಾಟ್ ಮೈನರ್ ಶ್ರುತಿಯ ಸೊನಾಟ, ಜರ್ಮನ್ ರಚನಕಾರ ಶೂಮನ್ನನ ಕನ್ಸರ್ಟೊ (ಏಕವಾದ್ಯ ಮತ್ತು ವೃಂದಕ್ಕಾಗಿ ಬರೆದ ಕೃತಿ) ಮುಂತಾದವನ್ನು ಅವರು ಒಂದಕ್ಕಿಂತ ಹೆಚ್ಚು ಸಲ ಧ್ವನಿಮುದ್ರಿಸಿದರು. ಹೊಸಬರಿಗೆ ಇದು ಪುನರುಕ್ತಿ ಎನ್ನಿಸಬಹುದು. ಆದರೆ ಒಂದು ಕೃತಿಯ ಎರಡು ಮೂರು ರೂಪಗಳನ್ನು ಒಟ್ಟಿಗೆ ಕೇಳಿದಾಗ, ಅಭ್ಯಾಸ ಮಾಡಿ ಗಟ್ಟಿ ಮಾಡಿಕೊಂಡದ್ದು ಯಾವುದು, ಆ ಗಳಿಗೆಯಲ್ಲಿ ಹೊಳೆದದ್ದು ಯಾವುದು ಎಂಬುದು ತಾನಾಗಿ ತಿಳಿಯುತ್ತ ಹೋಗುತ್ತದೆ. ಮನೋಧರ್ಮದ ಸಂಗೀತವನ್ನು ಕೇಳಿ ಬೆಳೆದ ಕಿವಿಗೆ ಈ ಸುಖ ಬೇಗ ಹಿಡಿಸುತ್ತದೆ ಎಂದು ನನ್ನ ನಂಬಿಕೆ.

ಕೊರ್ತೊ ಹುಟ್ಟಿದ್ದು 1877ರ ಸೆಪ್ಟೆಂಬರ್ 26ರಂದು, ಸ್ವಿಟ್ಜರ್ಲೆಂಡಿನ ನ್ಯೋನ್ ಎಂಬ ಊರಿನಲ್ಲಿ. ತಂದೆ ಫ್ರೆಂಚ್, ತಾಯಿ ಸ್ವಿಸ್. ಬಾಲ್ಯದಲ್ಲಿಯೇ ಪ್ಯಾರಿಸಿಗೆ ಬಂದು ಅಲ್ಲಿನ ಕನ್ಸರ್ವಟ್ವಾರ್ ಎಂಬ ಸಂಗೀತ ವಿದ್ಯಾಲಯದಲ್ಲಿ ಎಮಿಲ್ ದೆಕೋಂಬ್ ಮತ್ತು ಲೂಯಿ ದಿಯೆಮೆರ್ ಅವರಲ್ಲಿ ಕಲಿತರು. ದೆಕೋಂಬ್ ಶೋಪಾನನ ಒಡನಾಟದ ವಲಯದಲ್ಲಿದ್ದವರಾದ್ದರಿಂದ, ಆ ಪರಂಪರೆಯ ಒಂದು ಎಳೆ ಬಾಲಕ ಕೊರ್ತೊಗೆ ನೇರವಾಗಿಯೇ ಸಿಕ್ಕಿತು. 1896ರಲ್ಲಿ ಕನ್ಸರ್ವಟ್ವಾರ್‌ನ ಪ್ರಥಮ ಬಹುಮಾನ ಬಂತು. ಮರುವರ್ಷ ಕೊಲೊನ್ ವಾದ್ಯವೃಂದದೊಂದಿಗೆ ಬೀಥೋವನನ ಮೂರನೆಯ ಕನ್ಸರ್ಟೊ ನುಡಿಸಿ ರಂಗ ಪ್ರವೇಶ ಮಾಡಿದರು. ಇಷ್ಟರವರೆಗೆ ಇದು ಆ ಕಾಲದ ಯಾವ ಪ್ರತಿಭಾವಂತ ಪಿಯಾನೊ ವಾದಕನ ಕಥೆಯೂ ಆಗಬಹುದಿತ್ತು.

ದಾರಿ ತಿರುಗಿದ್ದು ಬೈರಾಯ್ಟ್‌ನಲ್ಲಿ. 1898ರಿಂದ ಕೆಲವು ವರ್ಷ ಕೊರ್ತೊ ಜರ್ಮನಿಯ ಆ ಊರಿಗೆ ಹೋಗಿ, ವ್ಯಾಗ್ನರನ ಸಂಗೀತ ನಾಟಕಗಳಿಗಾಗಿಯೇ ಕಟ್ಟಿದ ರಂಗಮಂದಿರದಲ್ಲಿ ದುಡಿದರು. ಗಾಯಕರಿಗೆ ಪಾಠ ಹೇಳುವುದು, ತಾಲೀಮಿನಲ್ಲಿ ಇಡೀ ವಾದ್ಯವೃಂದದ ಪಾತ್ರವನ್ನು ಒಂದೇ ಪಿಯಾನೊದಲ್ಲಿ ನುಡಿಸುವುದು, ನಂತರ ಹಾನ್ಸ್ ರಿಕ್ಟರ್, ಫೆಲಿಕ್ಸ್ ಮೋಟ್ಲ್ ಅವರಂಥ ನಿರ್ದೇಶಕರಿಗೆ ಸಹಾಯಕನಾಗುವುದು, ಇದು ಅವರ ಕೆಲಸವಾಗಿತ್ತು. ಪ್ಯಾರಿಸಿಗೆ ಮರಳಿದ ಮೇಲೆ 1902ರ ಮೇ ತಿಂಗಳಲ್ಲಿ, ಇಪ್ಪತ್ತೈದು ಇನ್ನೂ ತುಂಬಿರದ ಈ ಯುವಕ, ವ್ಯಾಗ್ನರನ ‘ಗೋಟರ್‌ಡೆಮರುಂಗ್’ ಅನ್ನು ಆ ನಗರದಲ್ಲಿ ಮೊದಲ ಬಾರಿಗೆ ರಂಗದ ಮೇಲೆ ತಂದು ನಿರ್ದೇಶಿಸಿದರು. ನಾಲ್ಕು ಗಂಟೆಗೂ ಮೀರುವ, ನೂರರ ಹತ್ತಿರ ವಾದಕರು ಬೇಕಾಗುವ ಕೃತಿ ಅದು. ಬಳಿಕ ತಮ್ಮದೇ ಸಂಗೀತ ಸಂಘವನ್ನು ಕಟ್ಟಿ ‘ಪಾರ್ಸಿಫಾಲ್’ ಅನ್ನು ಕಛೇರಿಯ ರೂಪದಲ್ಲಿಯೂ, ಬೀಥೋವನನ ‘ಮಿಸ್ಸಾ ಸೊಲೆಮ್ನಿಸ್’ ಮತ್ತು ಬ್ರಾಮ್ಸನ ‘ಜರ್ಮನ್ ರೆಕ್ವಿಯೆಮ್’ ಕೃತಿಗಳನ್ನೂ ಪ್ಯಾರಿಸಿನ ಶ್ರೋತೃಗಳ ಮುಂದಿಟ್ಟರು. ಎಳೆಯ ಫ್ರೆಂಚ್ ರಚನಕಾರರಿಗೂ ಆ ವೇದಿಕೆಯನ್ನು ತೆರೆದರು. ಅವರ ಮೊದಲ ಧ್ವನಿಮುದ್ರಣವೂ ಈ ವರ್ಷಗಳದೇ: ಗಾಯಕಿ ಫೆಲಿಯಾ ಲಿತ್ವಿನ್ ಅವರಿಗೆ ಪಕ್ಕವಾದ್ಯವಾಗಿ ನುಡಿಸಿದ ಕೆಲವು ಮುದ್ರಣಗಳು.

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವರ ಪಿಯಾನೊವನ್ನು ಕೇಳಿದರೆ, ಮೊದಲು ಗಮನ ಸೆಳೆಯುವುದು ಎಡಗೈ. ಸಾಮಾನ್ಯ ವಾದಕನೊಬ್ಬ ಬಲಗೈಯ ರಾಗಕ್ಕೆ ಎಡಗೈಯನ್ನು ಆಧಾರವಾಗಿ ಇಡುತ್ತಾನೆ. ಕೊರ್ತೊ ಎಡಗೈಯ ಮಂದ್ರ ಸ್ವರವನ್ನು ಎಷ್ಟೋ ಕಡೆ ಬಲಗೈಗಿಂತ ಕೂದಲೆಳೆಯಷ್ಟು ಮೊದಲೇ ನುಡಿಸುತ್ತಾರೆ. ಆ ತಲೆಮಾರಿನ ಹಲವರಲ್ಲಿ ಈ ರೂಢಿ ಇತ್ತು. ಆದರೆ ಕೊರ್ತೊ ಅವರಲ್ಲಿ ಅದು ಬರಿಯ ರೂಢಿಯಾಗಿ ಕೇಳಿಸುವುದಿಲ್ಲ. ವಾದ್ಯವೃಂದದಲ್ಲಿ ಡಬಲ್ ಬೇಸ್‌ಗಳ ನಾದ ಮೊದಲು ಹರಡಿ, ಅದರ ಮೇಲೆ ಉಳಿದ ವಾದ್ಯಗಳು ಬಂದು ನೆಲೆಸುವ ಅನುಭವವನ್ನು ಅದು ಕೊಡುತ್ತದೆ. ನಡುವಿನ ಸ್ವರಪಂಕ್ತಿಗಳೂ ಹಾಗೆಯೇ. ಬೇರೆಯವರು ನುಡಿಸಿದಾಗ ಕೇಳಿಯೇ ಇರದ ಒಂದು ಒಳದನಿ ಇಲ್ಲಿ ತಟ್ಟನೆ ಎದ್ದು, ಎರಡು ಸಾಲು ಮಾತಾಡಿ, ಮತ್ತೆ ಹಿಂದೆ ಸರಿಯುತ್ತದೆ. ಹತ್ತು ಬೆರಳುಗಳಲ್ಲಿ ಯಾವುದಕ್ಕೆ ಯಾವಾಗ ಮುಂದೆ ಬರಲು ಸನ್ನೆ ಮಾಡಬೇಕು, ಯಾವುದನ್ನು ತಡೆದು ನಿಲ್ಲಿಸಬೇಕು ಎಂಬ ಈ ತೀರ್ಮಾನಗಳು ನಿರ್ದೇಶನದಿಂದ ಬಂದ ಬುದ್ಧಿ.

ಪ್ರೆಲ್ಯೂಡ್‌ಗಳಲ್ಲಿ ಇದು ಅತ್ಯಂತ ಸ್ಪಷ್ಟವಾಗಿದೆ. ಶೋಪಾನ್ ಎಲ್ಲ ಮೇಜರ್ ಮತ್ತು ಮೈನರ್ ಶ್ರುತಿಗಳಲ್ಲಿ ಒಂದೊಂದರಂತೆ ಬರೆದ ಈ 24 ಕಿರು ರಚನೆಗಳನ್ನು ಕೊರ್ತೊ 1926ರಲ್ಲಿ, 1933–34ರಲ್ಲಿ ಮತ್ತು 1942ರಲ್ಲಿ ಧ್ವನಿಮುದ್ರಿಸಿದರು. 1926ರದ್ದು ಮೂರರಲ್ಲಿಯೂ ಹೆಚ್ಚು ಬಿರುಸಿನದು. ಕೆಲವೆಡೆ ಉಸಿರು ಕಟ್ಟುವಷ್ಟು ಆತುರವಿದೆ. 1933–34ರ ವಾದನದಲ್ಲಿ ಅದೇ ತೀವ್ರತೆ ಉಳಿದು, ಬಿಡಿ ರಚನೆಗಳು ಒಂದಕ್ಕೊಂದು ಬೆಸೆದುಕೊಂಡು ಒಂದೇ ದೊಡ್ಡ ಕೃತಿಯಾಗುತ್ತವೆ. ಇ ಮೈನರ್‌ನ ನಾಲ್ಕನೆಯ ಪ್ರೆಲ್ಯೂಡನ್ನು ಗಮನಿಸಿ. ಬಲಗೈಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಅಕ್ಕಪಕ್ಕದ ಎರಡು ಸ್ವರಗಳ ನಡುವೆಯೇ ಬಹುಮಟ್ಟಿಗೆ ತೂಗುತ್ತದೆ. ಎಡಗೈ ಒಂದೇ ಲಯದಲ್ಲಿ ಸ್ವರಗುಚ್ಛಗಳನ್ನು ನುಡಿಸುತ್ತ, ಅವುಗಳೊಳಗೆ ಒಂದೊಂದೇ ಸ್ವರವನ್ನು ಅರ್ಧ ಹೆಜ್ಜೆ ಕೆಳಗಿಳಿಸುತ್ತ ಹೋಗುತ್ತದೆ. ಕೊರ್ತೊ ಈ ಇಳಿತದ ಒಂದೊಂದು ಮೆಟ್ಟಿಲನ್ನೂ ಬೇರೆ ಬೇರೆ ತೂಕದಲ್ಲಿ ಕೇಳಿಸುತ್ತಾರೆ. ಹದಿನಾರನೆಯದರಲ್ಲಿ ಬಲಗೈ ಸ್ವರಗಳ ಸುರಿಮಳೆಗರೆಯುವಾಗ ಅವರ ಲಕ್ಷ್ಯವೆಲ್ಲ ಎಡಗೈಯ ನಾಗಾಲೋಟದ ಮೇಲೆಯೇ ಇದೆ. ಅದಕ್ಕೆ ಅವರು ಇಟ್ಟಿದ್ದ ಶೀರ್ಷಿಕೆ ‘ಪ್ರಪಾತದ ಕಡೆಗಿನ ಓಟ’. ನಾಲ್ಕನೆಯದಕ್ಕೆ ‘ಸಮಾಧಿಯೊಂದರ ಬಳಿ’. ಇಪ್ಪತ್ನಾಲ್ಕಕ್ಕೂ ಇಂಥ ಶೀರ್ಷಿಕೆಗಳನ್ನು ಅವರು ಕಲ್ಪಿಸಿದ್ದರು. ಶೋಪಾನ್ ತಾನು ಇಡದ ಹೆಸರುಗಳನ್ನು ಕೃತಿಗೆ ಅಂಟಿಸುವುದು ಸರಿಯೇ ಎಂದು ಆಕ್ಷೇಪಿಸುವವರಿದ್ದಾರೆ. ಆ ಹೆಸರುಗಳು ಕೇಳುಗನಿಗೆ ಬೇಕಾಗದೆ ಇರಬಹುದು; ನುಡಿಸುವವರಿಗೆ ಅವು ಆಸರೆಯಾಗಿದ್ದವು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಕೊನೆಯ ಡಿ ಮೈನರ್ ಪ್ರೆಲ್ಯೂಡಿನ ಅಂತ್ಯದಲ್ಲಿ ಪಿಯಾನೊದ ತಳದಿಂದ ಒಂಟಿಯಾಗಿ ಮೂರು ಬಾರಿ ಹೊಡೆಯುವ ಡಿ ಸ್ವರವನ್ನು ಕೊರ್ತೊ ನುಡಿಸುವ ಬಗೆಯಲ್ಲಿ, ಹಿಂದೆ ಬಂದ ಇಪ್ಪತ್ಮೂರೂ ರಚನೆಗಳ ಲೆಕ್ಕ ಚುಕ್ತಾ ಆಗುತ್ತದೆ.

ಇನ್ನು ತಪ್ಪು ಸ್ವರಗಳ ವಿಚಾರ. ಅವು ಇವೆ, ಧಾರಾಳವಾಗಿಯೇ ಇವೆ. ಆ ಕಾಲದ 78 ಆರ್‌ಪಿಎಂ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದುದು ಸುಮಾರು ನಾಲ್ಕೂವರೆ ನಿಮಿಷ. ಆ ನಾಲ್ಕೂವರೆ ನಿಮಿಷವನ್ನು ಎಲ್ಲಿಯೂ ನಿಲ್ಲಿಸದೆ ನುಡಿಸಬೇಕಿತ್ತು. ಮುಂದೆ ಟೇಪಿನ ಕಾಲದಲ್ಲಿ ಬಂದಂತೆ, ಕೆಟ್ಟ ತುಣುಕನ್ನು ಕತ್ತರಿಸಿ ಒಳ್ಳೆಯದನ್ನು ಅಂಟಿಸುವ ಸೌಕರ್ಯ ಆಗ ಇರಲಿಲ್ಲ. ಇಷ್ಟನ್ನು ಹೇಳಿದ ಮೇಲೂ, ಕೊರ್ತೊ ಅವರ ಸಮಕಾಲೀನರು ಅದೇ ತಟ್ಟೆಗಳ ಮೇಲೆ ಇದಕ್ಕಿಂತ ಶುದ್ಧವಾಗಿ ನುಡಿಸಿದ್ದಾರೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಕಾರಣ ಅವರ ಬೆರಳುಗಳ ದೌರ್ಬಲ್ಯ ಎಂದು ನಾನು ಭಾವಿಸುವುದಿಲ್ಲ. 1933ರಲ್ಲಿ ಮುದ್ರಿಸಿದ ಹತ್ತನೆಯ ಓಪಸ್‌ನ (ಕೃತಿಸಂಖ್ಯೆಯ) ಎತ್ಯೂಡ್‌ಗಳನ್ನೂ 1934ರಲ್ಲಿ ಮುದ್ರಿಸಿದ ಇಪ್ಪತ್ತೈದನೆಯ ಓಪಸ್‌ನ ಎತ್ಯೂಡ್‌ಗಳನ್ನೂ ಕೇಳಿದವರಿಗೆ ಆ ಬೆರಳುಗಳ ಸಾಮರ್ಥ್ಯದ ಬಗ್ಗೆ ಅನುಮಾನ ಬರಲಾರದು. ಕಷ್ಟದ ಜಿಗಿತ ಎದುರಾದಾಗ ಲಯವನ್ನು ಸ್ವಲ್ಪ ಸಡಿಲಿಸಿ ಸ್ವರವನ್ನು ಉಳಿಸಿಕೊಳ್ಳುವವರು ಹೆಚ್ಚಿನವರು. ಕೊರ್ತೊ ವಾಕ್ಯದ ವೇಗವನ್ನು ಉಳಿಸಿಕೊಂಡು ಸ್ವರವನ್ನು ಕಳೆದುಕೊಳ್ಳಲು ಸಿದ್ಧರಾಗಿದ್ದರು. ವೃಂದದ ಎದುರು ನಿಂತ ನಿರ್ದೇಶಕ ಒಂದು ಕೊಂಬಿನ ಅಪಸ್ವರಕ್ಕಾಗಿ ಇಡೀ ವಾದನವನ್ನು ನಿಲ್ಲಿಸುವುದಿಲ್ಲವಲ್ಲ. ಆದರೂ 1942ರ ಎತ್ಯೂಡ್‌ಗಳನ್ನು ಮೊದಲು ಕೇಳಬಾರದು. ಅಲ್ಲಿ ತಪ್ಪುಗಳು ಹೆಚ್ಚಿವೆ, ಅವನ್ನು ಮರೆಸುವ ಕಾವು ಕಡಿಮೆಯಾಗಿದೆ.

ಶೋಪಾನನ ಬಿ ಫ್ಲಾಟ್ ಮೈನರ್ ಸೊನಾಟದ 1933ರ ಮುದ್ರಣವನ್ನು ಈ ಪೆಟ್ಟಿಗೆಯ ಅಮೂಲ್ಯ ಭಾಗಗಳಲ್ಲಿ ಒಂದೆಂದು ಎಣಿಸುತ್ತೇನೆ. ಅದರ ಶವಯಾತ್ರೆಯ ನಡಿಗೆಯನ್ನು ಕೊರ್ತೊ ಎಳೆಯುವುದಿಲ್ಲ. ಹೆಗಲ ಮೇಲೆ ಭಾರ ಹೊತ್ತವರು ನಡೆಯಲೇಬೇಕಾದ ವೇಗವೇ ಅಲ್ಲಿದೆ. ಅದರ ಬೆನ್ನಿಗೆ, ಎರಡೂ ಕೈಗಳು ಒಂದೇ ಸ್ವರಸಾಲನ್ನು ಎರಡು ಸ್ಥಾಯಿಗಳಲ್ಲಿ ಪಿಸುಗುಟ್ಟುತ್ತ ಓಡುವ, ಹಾಡಬಹುದಾದ ರಾಗವೇ ಇಲ್ಲದ ಕೊನೆಯ ಚಲನೆ, ಎಂದರೆ ಕೃತಿಯ ಕೊನೆಯ ಭಾಗ, ಬರುತ್ತದೆ. ಅದೇ ವರ್ಷದ ನಾಲ್ಕು ಬಲ್ಲಾಡ್‌ಗಳು, ಬಾರ್ಕರೋಲ್, ಎಫ್ ಮೈನರ್ ಫ್ಯಾಂಟಸಿ ಇವೂ ಒಂದೇ ಮಟ್ಟದವು. 1934ರ ವಾಲ್ಟ್ಸ್‌ಗಳು ಹಗುರಾಗಿ, ಹುಡುಗಾಟದಿಂದ ನಡೆಯುತ್ತವೆ. 1935ರಲ್ಲಿ ಜಾನ್ ಬಾರ್ಬಿರೊಲಿ ಅವರ ನಿರ್ದೇಶನದಲ್ಲಿ ನುಡಿಸಿದ ಎಫ್ ಮೈನರ್ ಕನ್ಸರ್ಟೊದ ನಿಧಾನ ಚಲನೆಯಲ್ಲಿ ಪಿಯಾನೊ ಮಾತನಾಡುವಂತಿದೆ. ಲಿಸ್ಟ್‌ನ ಬಿ ಮೈನರ್ ಸೊನಾಟ ಇನ್ನೂ ಎಲ್ಲರ ಕೈಗೆ ಬಂದಿರದ ಕಾಲದಲ್ಲಿ, 1929ರಷ್ಟು ಹಿಂದೆಯೇ, ಅವರು ಅದನ್ನು ಮುದ್ರಿಸಿದರು.

ಆದರೆ ನನ್ನನ್ನು ಕೇಳಿದರೆ ಕೊರ್ತೊ ಅವರ ಹೃದಯ ಶೋಪಾನನಿಗಿಂತ ಶೂಮನ್ನನಿಗೆ ಹತ್ತಿರವಾಗಿತ್ತು. ಶೂಮನ್ನನ ಪಿಯಾನೊ ಕೃತಿಗಳು ಸಣ್ಣ ಸಣ್ಣ ಚಿತ್ರಗಳ ಮಾಲೆಗಳು. ಒಂದು ಭಾವ ಪೂರ್ತಿ ಅರಳುವ ಮುನ್ನವೇ ಅದಕ್ಕೆ ವಿರುದ್ಧವಾದದ್ದು ನುಗ್ಗುತ್ತದೆ. ಇಲ್ಲಿ ಸಮತೂಕದ, ನಯವಾದ ವಾದನ ಸಾಲದು. 1928ರ ‘ಕಾರ್ನವಾಲ್’, 1935ರ ‘ಕ್ರೈಸ್ಲೆರಿಯಾನ’ ಮತ್ತು ‘ಕಿಂಡರ್‌ಸೀನನ್’, 1937ರ ‘ಡೇವಿಡ್ಸ್‌ಬ್ಯೂಂಡ್ಲರ್‌ಟೆಂಟ್ಸೆ’ ಇವುಗಳಲ್ಲಿ ಕೊರ್ತೊ ಒಂದೊಂದು ಪಾತ್ರಕ್ಕೂ ಬೇರೆಯದೇ ದನಿ ಕೊಡುತ್ತಾರೆ. ‘ಕಿಂಡರ್‌ಸೀನನ್’ನ ಕಡೆಯ ತುಣುಕಾದ ‘ಕವಿ ನುಡಿಯುತ್ತಾನೆ’ ಎಂಬುದನ್ನು ಮುಪ್ಪಿನಲ್ಲಿ ಅವರು ಶಿಷ್ಯರಿಗೆ ಹೇಳಿಕೊಡುವ ಚಲನಚಿತ್ರದ ದೃಶ್ಯ ಉಳಿದುಬಂದಿದೆ. ಅಲ್ಲಿ ಮಾತಿನಲ್ಲಿ ಹೇಳುವುದನ್ನೇ 1935ರ ಮುದ್ರಣದಲ್ಲಿ ಅವರು ನುಡಿಸಿಯೇ ತೋರಿಸಿದ್ದಾರೆ. ಗಾಯಕ ಶಾರ್ಲ್ ಪಾಂಜೆರಾ ಅವರೊಂದಿಗಿನ ‘ಡಿಕ್ಟರ್‌ಲೀಬೆ’ ಹಾಡುಗಳು ಇನ್ನೊಂದು ಮುತ್ತು. ಹಾಡು ಮುಗಿದ ಮೇಲೆ ಪಿಯಾನೊ ಒಂಟಿಯಾಗಿ ಮುಂದುವರಿಸುವ ಭಾಗಗಳಲ್ಲಿ ಹೇಳದೆ ಉಳಿದ ಮಾತೆಲ್ಲ ಬರುತ್ತದೆ. ಲ್ಯಾಂಡನ್ ರೊನಾಲ್ಡ್ ನಿರ್ದೇಶಿಸಿದ ಶೂಮನ್ ಕನ್ಸರ್ಟೊ ಬಗೆಗೆ ನಾನು ಅಷ್ಟು ಉತ್ಸಾಹ ತೋರಲಾರೆ. ಪಿಯಾನೊ ಎಷ್ಟು ಸ್ವತಂತ್ರವಾಗಿ ಹಾರಾಡುತ್ತದೆಯೋ ವೃಂದ ಅಷ್ಟೇ ಹಿಂದೆ ಬೀಳುತ್ತದೆ.

1905ರಲ್ಲಿ ಪಿಟೀಲು ವಾದಕ ಜಾಕ್ ತಿಬೊ, ಚೆಲ್ಲೊ ವಾದಕ ಪಾಬ್ಲೊ ಕಸಾಲ್ಸ್ ಮತ್ತು ಕೊರ್ತೊ ಸೇರಿ ಕಟ್ಟಿದ ತ್ರಿವಾದ್ಯ ಕೂಟದ ಖ್ಯಾತಿ ಈಗಲೂ ಮಾಸಿಲ್ಲ. ಮೂವರೂ ತಮ್ಮ ತಮ್ಮ ವಾದ್ಯದಲ್ಲಿ ಪ್ರಸಿದ್ಧರು. ವರ್ಷದಲ್ಲಿ ಕೆಲವು ವಾರ ಮಾತ್ರ ಒಟ್ಟಿಗೆ ಸೇರಿ ನುಡಿಸುತ್ತಿದ್ದರು. ಅವರು ಧ್ವನಿಮುದ್ರಿಸಿದ್ದು ಕಡಿಮೆ, ಅದೂ 1926ರಿಂದ 1928ರ ನಡುವೆ ಮಾತ್ರ: ಶೂಬರ್ಟನ ಬಿ ಫ್ಲಾಟ್ ಟ್ರಯೊ, ಹೈಡನ್, ಮೆಂಡೆಲ್ಸನ್, ಶೂಮನ್ ಅವರ ಒಂದೊಂದು ಟ್ರಯೊ, ಬೀಥೋವನನ ‘ಆರ್ಚ್‌ಡ್ಯೂಕ್’ ಮತ್ತು ‘ಕಾಕಡು’ ವೇರಿಯೇಷನ್‌ಗಳು. ಶೂಬರ್ಟ್‌ನ ಟ್ರಯೊ ನುಡಿಸುವಾಗ ಮೂವರಲ್ಲಿ ಯಾರೂ ಮುಂದಾಳಲ್ಲ. ಕಸಾಲ್ಸ್ ಒಂದು ವಾಕ್ಯವನ್ನು ಹೇಗೆ ಮುಗಿಸಿದರೋ ಹಾಗೆಯೇ ತಿಬೊ ಅದನ್ನು ಎತ್ತಿಕೊಳ್ಳುವುದಿಲ್ಲ. ತನ್ನದೇ ನಯದಲ್ಲಿ ತಿರುಗಿಸುತ್ತಾರೆ. ಕೊರ್ತೊ ಇಬ್ಬರ ಮಾತನ್ನೂ ಕೇಳಿಸಿಕೊಂಡು ಮೂರನೆಯದನ್ನು ಹೇಳುತ್ತಾರೆ. ಈ ಪೆಟ್ಟಿಗೆಯಲ್ಲಿ ಒಂದೇ ಒಂದು ತಟ್ಟೆ ಕೇಳುವಷ್ಟು ವೇಳೆ ಯಾರಿಗಾದರೂ ಇದ್ದರೆ ನಾನು ಅವರ ಕೈಗೆ ಕೊಡುವುದು ಶೂಬರ್ಟ್‌ನ ಈ ಟ್ರಯೊವನ್ನೇ.

ವೃಂದನಿರ್ದೇಶಕ ಕೊರ್ತೊ ಅವರನ್ನು ನೇರವಾಗಿ ಕೇಳುವ ಅವಕಾಶ ಇರುವುದು ಬೆರಳೆಣಿಕೆಯಷ್ಟು ಕಡೆ. ಅವುಗಳಲ್ಲಿ ದೊಡ್ಡದು 1929ರಲ್ಲಿ ಬಾರ್ಸಿಲೋನಾದಲ್ಲಿ ಮುದ್ರಿಸಿದ ಬ್ರಾಮ್ಸನ ಡಬಲ್ ಕನ್ಸರ್ಟೊ. ಕಸಾಲ್ಸ್ ತಾವೇ ಕಟ್ಟಿ ಬೆಳೆಸಿದ ವಾದ್ಯವೃಂದವನ್ನು ಗೆಳೆಯನ ಕೈಗೊಪ್ಪಿಸಿ, ತಿಬೊ ಅವರ ಜೊತೆ ಏಕವಾದ್ಯದ ಪಾತ್ರ ವಹಿಸಿದರು. ಕೃತಿಯ ಆರಂಭದಲ್ಲಿ ವೃಂದ ನಾಲ್ಕೇ ಸಾಲು ನುಡಿದು ಸುಮ್ಮನಾಗುತ್ತದೆ, ಚೆಲ್ಲೊ ಒಂಟಿಯಾಗಿ ಮಾತೆತ್ತುತ್ತದೆ. ಆ ಕೆಲವು ಸೆಕೆಂಡುಗಳಲ್ಲಿಯೇ ನಿರ್ದೇಶಕನ ಬಿಗಿ ತಿಳಿಯುತ್ತದೆ. ವೃಂದದ ಸದ್ದು ಒರಟು, ಮುದ್ರಣ ಮಂಕು. ಆದರೂ ಮೂವರು ಗೆಳೆಯರ ನಡುವಿನ ಮಾತುಕತೆ ಇಷ್ಟು ದೊಡ್ಡ ಆಕಾರದಲ್ಲಿ ಬೇರೆಲ್ಲಿಯೂ ಕೇಳಸಿಗದು. 1930ರ ದಶಕದ ಆರಂಭದಲ್ಲಿ, ತಾವು ಪ್ಯಾರಿಸಿನಲ್ಲಿ ಸ್ಥಾಪಿಸಿದ್ದ ಸಂಗೀತ ಶಾಲೆಯ ವೃಂದದೊಂದಿಗೆ ಮುದ್ರಿಸಿದ ಬಾಖ್‌ನ ಬ್ರಾಂಡೆನ್‌ಬರ್ಗ್ ಕನ್ಸರ್ಟೊಗಳು ಇನ್ನೊಂದು ಉದಾಹರಣೆ. ಬಾಖ್‌ನ ಕಾಲದ ವಾದ್ಯಗಳಲ್ಲಿ ಇವನ್ನು ಕೇಳಿ ಪಳಗಿದ ಇಂದಿನ ಕಿವಿಗೆ ಅವು ಹಳೆಯ ಶೈಲಿಯವಾಗಿ ಕೇಳಿಸುತ್ತವೆ. ಐದನೆಯ ಕನ್ಸರ್ಟೊದಲ್ಲಿ ಕೊರ್ತೊ ಪಿಯಾನೊ ನುಡಿಸುತ್ತಲೇ ವೃಂದವನ್ನು ನಡೆಸುತ್ತಾರೆ, ಪಿಟೀಲು ತಿಬೊ ಅವರದು. ಮೊದಲ ಚಲನೆಯ ಉದ್ದನೆಯ ಏಕವಾದನದಲ್ಲಿ ಅವರ ಎರಡು ವೃತ್ತಿಗಳೂ ಒಂದೇ ಆಸನದಲ್ಲಿ ಕುಳಿತಿವೆ.

ಫ್ರೆಂಚ್ ಸಂಗೀತದ ತಟ್ಟೆಗಳಲ್ಲಿ ಸೆಸಾರ್ ಫ್ರಾಂಕ್‌ನ ‘ಪ್ರೆಲ್ಯೂಡ್, ಕೋರಾಲ್ ಮತ್ತು ಫ್ಯೂಗ್’ ಮೊದಲು ಕೇಳಬೇಕಾದದ್ದು. ತಿಬೊ ಅವರ ಜೊತೆಗಿನ ಫ್ರಾಂಕ್, ಫೋರೆ, ದೆಬ್ಯುಸ್ಸಿ ಸೊನಾಟಗಳು ಅದರ ಬೆನ್ನಿಗೆ. ದೆಬ್ಯುಸ್ಸಿಯ ಪ್ರೆಲ್ಯೂಡ್‌ಗಳ ಮೊದಲ ಸಂಪುಟವನ್ನು ಕೊರ್ತೊ ಮಂಜು ಮುಸುಕಿದ ಚಿತ್ರಗಳಾಗಿ ನುಡಿಸುವುದಿಲ್ಲ. ಗೆರೆಗಳು ನಿಚ್ಚಳವಾಗಿವೆ, ಬಣ್ಣ ಗಾಢವಾಗಿದೆ. 1936ರಲ್ಲಿ ಗಾಯಕಿ ಮ್ಯಾಗಿ ಟೇಟ್ ಅವರೊಂದಿಗೆ ಮುದ್ರಿಸಿದ ದೆಬ್ಯುಸ್ಸಿಯ ಹಾಡುಗಳು ಪಕ್ಕವಾದ್ಯದ ಕಲೆಗೆ ಮಾದರಿ. ಶಾರ್ಲ್ ಮ್ಯೂಂಚ್ ನಿರ್ದೇಶನದಲ್ಲಿ 1935ರಲ್ಲಿ ನುಡಿಸಿದ ಸ್ಯಾಂ-ಸಾನ್ಸ್‌ನ ನಾಲ್ಕನೆಯ ಕನ್ಸರ್ಟೊ ತೇಜಸ್ಸಿನಿಂದ ಕೂಡಿದೆ. ಅದೇ ನಿರ್ದೇಶಕರೊಂದಿಗೆ 1939ರಲ್ಲಿ ಮುದ್ರಿಸಿದ ರವೆಲ್‌ನ ಎಡಗೈ ಕನ್ಸರ್ಟೊ ಬಗ್ಗೆ ಒಂದು ಮಾತು ಹೇಳಬೇಕು. ಒಂದೇ ಕೈಗಾಗಿ ಬರೆದ ಆ ಕೃತಿಯನ್ನು ಕೊರ್ತೊ ಎರಡು ಕೈಗಳಿಗೆ ಅಳವಡಿಸಿಕೊಂಡಿದ್ದರು. ರವೆಲ್ ಅದನ್ನು ಒಪ್ಪಿರಲಿಲ್ಲ. ರಚನಕಾರನ ನಿಷೇಧವನ್ನು ಅವನು ತೀರಿಕೊಂಡ ಮೇಲೆ ಬದಿಗಿಟ್ಟು ಅವರು ಅದನ್ನು ಮತ್ತೆ ನುಡಿಸತೊಡಗಿದ್ದು ನನಗೆ ಸರಿಕಾಣುವುದಿಲ್ಲ.

ಶಿಕ್ಷಕ ಕೊರ್ತೊ ಈ ಪೆಟ್ಟಿಗೆಯಲ್ಲಿ ಹಿನ್ನೆಲೆಯಲ್ಲಿದ್ದಾರೆ, ಆದರೆ ಅವರ ಬದುಕಿನ ಬಹುದೊಡ್ಡ ಪಾಲು ಅದು. 1907ರಲ್ಲಿ ರಚನಕಾರ ಗೇಬ್ರಿಯೆಲ್ ಫೋರೆ, ಕೊರ್ತೊ ಅವರನ್ನು ಕನ್ಸರ್ವಟ್ವಾರ್‌ನ ಪ್ರಾಧ್ಯಾಪಕರನ್ನಾಗಿ ನೇಮಿಸಿದರು. ಫೋರೆ ಮುಂದೆ ತಮ್ಮ ಪಿಯಾನೊ ಮತ್ತು ವಾದ್ಯವೃಂದದ ‘ಫ್ಯಾಂಟಸಿ’ಯನ್ನು ಕೊರ್ತೊಗೆ ಅರ್ಪಿಸಿದರು. 1919ರಲ್ಲಿ ಒಗ್ಯುಸ್ತ್ ಮಾಂಜೊ ಅವರೊಡನೆ ಕೊರ್ತೊ ಪ್ಯಾರಿಸಿನಲ್ಲಿ ಎಕೋಲ್ ನಾರ್ಮಾಲ್ ದ ಮ್ಯೂಸಿಕ್ ಎಂಬ ಶಾಲೆಯನ್ನು ಸ್ಥಾಪಿಸಿದರು. ಅದಕ್ಕಾಗಿ ವಾಸ್ತುಶಿಲ್ಪಿ ಒಗ್ಯುಸ್ತ್ ಪೆರೆ ಕಟ್ಟಿದ ಕಛೇರಿ ಮಂದಿರ ಇಂದು ಸಾಲ್ ಕೊರ್ತೊ ಎಂದೇ ಹೆಸರಾಗಿದೆ. ಕ್ಲಾರಾ ಹಾಸ್ಕಿಲ್, ವ್ಲಾಡೊ ಪರ್ಲೆಮ್ಯುಟರ್, ಇವೊನ್ ಲೆಫೆಬ್ಯೂರ್ ಎಂಬ ಪಿಯಾನೊ ವಾದಕರು ಕೊರ್ತೊ ಅವರ ಕೈಕೆಳಗೆ ಕಲಿತವರು. 1933ರ ವಿಯೆನ್ನಾ ಸ್ಪರ್ಧೆಯಲ್ಲಿ ರುಮೇನಿಯದ ಹುಡುಗ ದಿನು ಲಿಪಟ್ಟಿಗೆ ಎರಡನೆಯ ಸ್ಥಾನ ಬಂದಾಗ ತೀರ್ಪುಗಾರರಲ್ಲಿ ಒಬ್ಬರಾಗಿದ್ದ ಕೊರ್ತೊ ಪ್ರತಿಭಟಿಸಿ ಹೊರನಡೆದು, ಆ ಹುಡುಗನನ್ನು ಪ್ಯಾರಿಸಿಗೆ ಕರೆಸಿಕೊಂಡರು. ಅವರು ಸಂಪಾದಿಸಿದ ಶೋಪಾನ್ ಆವೃತ್ತಿಗಳಲ್ಲಿ ಕಷ್ಟದ ಪ್ರತಿ ಸಾಲಿಗೂ ಪೂರ್ವಾಭ್ಯಾಸಗಳಿವೆ. ಪಿಯಾನೊ ಕಲಿಯುವವರು ಇಂದಿಗೂ ಅವನ್ನು ಬಳಸುತ್ತಾರೆ. ಅವರ ಪಾಠದ ಧ್ವನಿಯನ್ನೇ ಕೇಳಬೇಕೆಂದಿದ್ದರೆ, ಪಿಯಾನೊ ವಾದಕ ಮರ‍್ರೇ ಪೆರಾಯ ಆಯ್ದುಕೊಟ್ಟ ಮೂರು ಸಿ.ಡಿ.ಗಳ ‘ಮಾಸ್ಟರ್ ಕ್ಲಾಸಸ್’ ಸಂಗ್ರಹವನ್ನು ಸೋನಿ ಪ್ರತ್ಯೇಕವಾಗಿ ಪ್ರಕಟಿಸಿದೆ. ಈ ಪೆಟ್ಟಿಗೆಗೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಪುಣ್ಯಸ್ಮರಣೆಯ ಸಂಗ್ರಹಗಳು ಸಾಮಾನ್ಯವಾಗಿ ಮೆಲ್ಲಗೆ ದಾಟಿ ಹೋಗುವ ಅಧ್ಯಾಯವೊಂದಿದೆ. ಅದನ್ನು ನಾನು ದಾಟಿ ಹೋಗಲಾರೆ. 1940ರಲ್ಲಿ ಫ್ರಾನ್ಸ್ ಸೋತು, ಜರ್ಮನಿಗೆ ಮಣಿದ ವಿಶಿ ಸರಕಾರ ಬಂದಾಗ ಕೊರ್ತೊ ಅದರೊಡನೆ ಸಹಕರಿಸಿದರು. ಅದರ ರಾಷ್ಟ್ರೀಯ ಮಂಡಲಿಯ ಸದಸ್ಯರಾದರು, ಸಂಗೀತ ವೃತ್ತಿಯನ್ನು ನಿಯಂತ್ರಿಸುವ ಸಮಿತಿಯ ಅಧ್ಯಕ್ಷತೆ ವಹಿಸಿದರು. 1942ರಲ್ಲಿ ಬರ್ಲಿನ್ನಿಗೆ ಹೋಗಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ನುಡಿಸಿದರು. ಅವರು 1902ರಲ್ಲಿ ಮದುವೆಯಾಗಿದ್ದುದು ಯಹೂದಿ ಮನೆತನದ ಕ್ಲೋತಿಲ್ಡ್ ಬ್ರೆಯಾಲ್ ಅವರನ್ನು ಎಂಬುದನ್ನು ನೆನೆದರೆ ಈ ನಡೆ ಇನ್ನೂ ಕಸಿವಿಸಿ ಉಂಟುಮಾಡುತ್ತದೆ. ಇದೇ ಕಾಲದಲ್ಲಿ ಕಸಾಲ್ಸ್ ಸರ್ವಾಧಿಕಾರಿ ಫ್ರಾಂಕೊನ ಸ್ಪೇನನ್ನು ತೊರೆದು ಪ್ರಾದ್ ಎಂಬ ಫ್ರಾನ್ಸಿನ ಗಡಿ ಊರಿನಲ್ಲಿ ನೆಲೆಸಿದ್ದರು. ಜರ್ಮನಿಯ ಹಿಡಿತದಿಂದ ಫ್ರಾನ್ಸ್ ಬಿಡುಗಡೆಯಾದ ಬಳಿಕ ಕೊರ್ತೊ ಬಂಧನಕ್ಕೊಳಗಾಗಿ ಬಿಡುಗಡೆಯಾದರು. ಒಂದು ವರ್ಷ ಕಛೇರಿ ಮಾಡದಂತೆ ನಿರ್ಬಂಧ ಬಿತ್ತು. 1947ರ ಜನವರಿಯಲ್ಲಿ ಅವರು ಪ್ಯಾರಿಸಿನ ವೇದಿಕೆಗೆ ಮರಳಿದಾಗ ವಾದ್ಯವೃಂದದವರು ಅವರೊಡನೆ ನುಡಿಸಲು ಒಪ್ಪಲಿಲ್ಲ. ಶ್ರೋತೃಗಳ ಕೂಗಾಟದ ನಡುವೆ ಅವರು ಒಬ್ಬರೇ ಶೋಪಾನನನ್ನು ನುಡಿಸಿದರು. ವೃಂದಗಳನ್ನು ಕಟ್ಟಿ ನಡೆಸಿದ್ದ ವ್ಯಕ್ತಿಗೆ ವೃಂದವೇ ಬೆನ್ನು ತಿರುಗಿಸಿದ್ದು ನ್ಯಾಯವಾಗಿತ್ತೆಂದೇ ನನ್ನ ಅಭಿಪ್ರಾಯ. 1942ರ ಪ್ರೆಲ್ಯೂಡ್‌ಗಳನ್ನೂ ಎತ್ಯೂಡ್‌ಗಳನ್ನೂ ಕೇಳುವಾಗ ಅವು ಯಾವ ವರ್ಷದವು ಎಂಬುದು ನನ್ನ ಮನಸ್ಸಿನಿಂದ ದೂರವಾಗುವುದಿಲ್ಲ, ಆಗಬೇಕೆಂದೂ ನನಗನ್ನಿಸುವುದಿಲ್ಲ.

ಆ ನಂತರ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ನೆಲೆಸಿ, 1949ರಲ್ಲಿ ಶೋಪಾನನ ಮರಣದ ಶತಮಾನದ ಸಂದರ್ಭದಲ್ಲಿ ಪ್ಯಾರಿಸಿನ ಶ್ರೋತೃಗಳ ಮುಂದೆ ಮತ್ತೆ ಬಂದರು. 1952ರಲ್ಲಿ ಜಪಾನಿನಲ್ಲಿ ಪ್ರವಾಸ ಮಾಡಿದರು. 1953ರಲ್ಲಿ ತಿಬೊ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1958ರಲ್ಲಿ ಪ್ರಾದ್ ಉತ್ಸವದಲ್ಲಿ ಕೊರ್ತೊ ಮತ್ತು ಕಸಾಲ್ಸ್ ಒಂದೇ ವೇದಿಕೆಯಲ್ಲಿ ಕುಳಿತು ಬೀಥೋವನನನ್ನು ನುಡಿಸಿದರು. ಅದೇ ಕೊರ್ತೊ ಅವರ ಕೊನೆಯ ಸಾರ್ವಜನಿಕ ಕಛೇರಿ. 1962ರ ಜೂನ್ 15ರಂದು ಲೋಸಾನ್‌ನಲ್ಲಿ ಕಣ್ಮುಚ್ಚಿದರು. ಈ ಕಡೆಯ ವರ್ಷಗಳ ಮುದ್ರಣಗಳಲ್ಲಿ ಬೆರಳುಗಳು ಸೋತಿವೆ. ನಾದದ ಸೊಗಸು, ವಾಕ್ಯ ಕಟ್ಟುವ ಬುದ್ಧಿ ಉಳಿದಿದ್ದರೂ, ಅವನ್ನು ಕೇಳಲು ಕೊರ್ತೊ ಅವರ ಮೇಲೆ ಮೊದಲೇ ಪ್ರೀತಿ ಬೆಳೆದಿರಬೇಕು.

ಧ್ವನಿಯ ಗುಣಮಟ್ಟದ ಬಗ್ಗೆ ಸ್ಪಷ್ಟ ನಿರೀಕ್ಷೆ ಇಟ್ಟುಕೊಳ್ಳುವುದು ಒಳ್ಳೆಯದು. ಮೊದಲ ವರ್ಷಗಳ ಮುದ್ರಣಗಳು ಮೈಕ್ರೊಫೋನ್ ಬರುವುದಕ್ಕೆ ಮುಂಚಿನವು. ದೊಡ್ಡ ಕಹಳೆಯೊಂದರ ಎದುರು ನುಡಿಸಿದ ಆ ಪಿಯಾನೊ ಡಬ್ಬಿಯೊಳಗಿಂದ ಬಂದಂತೆ ಕೇಳಿಸುತ್ತದೆ. 1925ರ ಮಾರ್ಚ್‌ನಲ್ಲಿ ಅಮೆರಿಕದ ವಿಕ್ಟರ್ ಕಂಪನಿ ವಿದ್ಯುತ್ ಧ್ವನಿಮುದ್ರಣವನ್ನು ಆರಂಭಿಸಿದಾಗ ಅದರ ಮೊದಲ ಕಲಾವಿದರಲ್ಲಿ ಕೊರ್ತೊ ಒಬ್ಬರು. ಅಲ್ಲಿಂದ ಮುಂದೆ ಮಂದ್ರಕ್ಕೆ ಮೈ ಬರುತ್ತದೆ, 1930ರ ದಶಕದ ಲಂಡನ್ ಮುದ್ರಣಗಳು ಈಗಲೂ ಹಿತವಾಗಿವೆ. ಹಳೆಯ ತಟ್ಟೆಗಳ ಸರಸರ ಸದ್ದು ಉದ್ದಕ್ಕೂ ಇದೆ. ಒಳ್ಳೆಯ ಹೆಡ್‌ಫೋನಿಗಿಂತ ಸ್ಪೀಕರಿನಲ್ಲಿ, ಸ್ವಲ್ಪ ದೂರ ಕುಳಿತು ಕೇಳಿದರೆ ಕಿವಿ ಆ ಸದ್ದನ್ನು ಬೇಗ ಮರೆಯುತ್ತದೆ.

ಪೆಟ್ಟಿಗೆ ಪ್ರಕಟವಾದ ಮರುವರ್ಷವೇ ಇಎಂಐ ಕ್ಲಾಸಿಕ್ಸ್‌ನ ಭಂಡಾರ ವಾರ್ನರ್ ಸಂಸ್ಥೆಗೆ ಸೇರಿತು. ಹಾಗಾಗಿ ಈ ಮುದ್ರಣಗಳನ್ನು ಹುಡುಕುವಾಗ ಎರಡೂ ಹೆಸರುಗಳಲ್ಲಿ ನೋಡಬೇಕು. ಪಿಯಾನೊ ಕಲಿಯುತ್ತಿರುವವರು, ಕಲಿಸುವವರು, ಶೋಪಾನ್ ಮತ್ತು ಶೂಮನ್ನರ ಕೃತಿಗಳನ್ನು ಈಗಾಗಲೇ ಇಂದಿನ ವಾದಕರಿಂದ ಕೇಳಿ ಬಲ್ಲವರು ಹಿಂಜರಿಯದೆ ಇಡೀ ಪೆಟ್ಟಿಗೆಯನ್ನು ಕೊಳ್ಳಬಹುದು. ಈ ಸಂಗೀತಕ್ಕೆ ಈಗಷ್ಟೇ ಬರುತ್ತಿರುವವರು 1933–34ರ ಪ್ರೆಲ್ಯೂಡ್‌ಗಳನ್ನೂ ಶೂಬರ್ಟ್ ಟ್ರಯೊವನ್ನೂ ಬಿಡಿಯಾಗಿ ಕೇಳಿ, ಆ ಮೇಲೆ ‘ಕ್ರೈಸ್ಲೆರಿಯಾನ’ಕ್ಕೆ ಹೋಗಲಿ, 1942ರ ಮತ್ತು ಅದರ ನಂತರದ ತಟ್ಟೆಗಳನ್ನು ಕೊನೆಗೆ ಇಟ್ಟುಕೊಳ್ಳಲಿ.